ಅಂಜೂರದ ಗಲ್ಲಿಯ ಕಿರುಬಾಗಿಲು

"ಸೋಮವಾರದ ತನಕ ಅವರನ್ನ ಹಾಗೇ ಇಟ್ಕೊಳ್ಳೋಕೆ ಆಗಲ್ವಾ ರೆಮೆ?"

ಬೋರ್ಹಾ ಫೋನಿನಲ್ಲಿ ನನ್ನನ್ನು ಕೇಳಿದ ಮಾತು ಇದು. ಅವನು ಕೇಳಿದ್ದು ಮೀನಿನ ವಿಷಯವಲ್ಲ, ನನ್ನ ದೊಡ್ಡಮ್ಮನ ವಿಷಯ. ದೊಡ್ಡಮ್ಮ ಆಂಗುಸ್ತಿಯಾಸ್ ಅದೇ ಶುಕ್ರವಾರ ಬೆಳಿಗ್ಗೆ ತೊಂಬತ್ತೊಂದನೆಯ ವಯಸ್ಸಿನಲ್ಲಿ, ತನ್ನದೇ ಮಂಚದ ಮೇಲೆ, ಯಾರಿಗೂ ಒಂದು ಲೋಟ ನೀರಿನ ತೊಂದರೆ ಕೊಡದೆ ತೀರಿಕೊಂಡಿದ್ದಳು. ಶನಿವಾರ ಹನ್ನೊಂದಕ್ಕೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಮಣ್ಣು. ಸ್ಪೇನಿನ ದಕ್ಷಿಣದ ನಮ್ಮ ಎಸಿಹಾ ಊರಿಗೆ, ಇಲ್ಲಿಯ ಸೆಕೆ ಕಂಡು, ಸುತ್ತಲಿನವರು ಇಟ್ಟಿರುವ ಹೆಸರೇ ಬಾಣಲೆ. ಜೂನ್ ತಿಂಗಳ ಆ ಬಾಣಲೆಯಲ್ಲಿ ಹೆಣವನ್ನು ಮೂರು ದಿನ ಇಟ್ಟುಕೊಂಡು ಕೂರಬೇಕಂತೆ. ಯಾಕೆಂದರೆ ಅವನು ಬಾಡಿಗೆಗೆ ಬಿಡುವ ಮನೆಗೆ ರಜೆ ಕಳೆಯಲು ಬಂದವರು ಖಾಲಿ ಮಾಡುವುದು ಸೋಮವಾರ.

ಇವನಿಗೆ ನಾನು ಐದು ವರ್ಷದಿಂದ ಮನೆ ಗುಡಿಸಿ ಒರೆಸಿ ಕೊಡುತ್ತಿದ್ದೆ. ನನಗಿಂತ ಮೂವತ್ತು ವರ್ಷ ಚಿಕ್ಕವನು, ಮೊದಲ ದಿನದಿಂದಲೇ ಏಕವಚನ. ಸೆವಿಯಾ ನಗರದಲ್ಲಿ ಕುಳಿತು ಫೋನಿನಲ್ಲೇ ಇಂಥ ಹನ್ನೊಂದು ಬಾಡಿಗೆ ಮನೆ ನೋಡಿಕೊಳ್ಳುತ್ತಾನೆ. ಮಾತೆಂದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಗಲ್ಲಿಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾವು ಹೆಣ ಹೊತ್ತುಕೊಂಡು ಕಂಡವರ ಮನೆಗೆ ನುಗ್ಗುವ ಜನ ಎಂದುಕೊಳ್ಳುತ್ತೀರಿ.

ನಮ್ಮ ಅಂಜೂರದ ಗಲ್ಲಿ ನಾನೂರು ವರ್ಷದ ಹಿಂದೆ ನೇರವಾಗಿ ಚೌಕಕ್ಕೆ ಹೋಗಿ ಸೇರುತ್ತಿತ್ತು. ಮಾರ್ಕೆಸ್‌ಗೆ, ಅಂದರೆ ಈಗ ಬೋರ್ಹಾ ಬಾಡಿಗೆಗೆ ಬಿಡುವ ಆ ದೊಡ್ಡ ಮನೆಯ ಅಂದಿನ ಧಣಿಗೆ, ಕುದುರೆ ಲಾಯ ಸಾಲದೆ ಬಂತು. ಗಲ್ಲಿಯ ಬಾಯಿಗೇ ಗೋಡೆ ಕಟ್ಟಿ ಆ ಜಾಗವನ್ನು ನುಂಗಿ ಹಾಕಿದ. ನಮಗೆ ಉಳಿದದ್ದು ಹಿಂದಿನ ತುದಿ ಮಾತ್ರ. ಅಲ್ಲಿ ಕಮಾನಿನ ಕೆಳಗೆ ಮೊಣಕೈ ಮಡಿಸಿದಂಥ ಒಂದು ತಿರುವಿದೆ, ಹೆಗಲ ಮೇಲೆ ಮೂಟೆ ಇದ್ದವನು ಓರೆಯಾಗಿ ನುಸುಳಬೇಕು. ಮಲಗಿಸಿ ಹೊತ್ತ ಶವಪೆಟ್ಟಿಗೆ ಅಲ್ಲಿ ತಿರುಗುವುದಿಲ್ಲ. ಗಲ್ಲಿಯವರು ಜಗಳಕ್ಕೆ ನಿಂತರು. ಕೊನೆಗೆ ಮಾರ್ಕೆಸ್ ತನ್ನ ಅಂಗಳದ ಹಿಂದಿನ ಗೋಡೆಗೆ ಒಂದು ಕಿರುಬಾಗಿಲು ಇಡಿಸಿ, ಪಾದ್ರಿಯ ಎದುರು ಮಾತು ಕೊಟ್ಟ. ಗಲ್ಲಿಯ ಮದುವಣಗಿತ್ತಿಯರು ಮತ್ತು ಗಲ್ಲಿಯ ಸತ್ತವರು ಆ ಬಾಗಿಲಿನಿಂದ ಒಳಗೆ ಬಂದು, ಅಂಗಳ ದಾಟಿ, ಹೆಬ್ಬಾಗಿಲಿನಿಂದ ಚೌಕಕ್ಕೆ ಹೋಗಬೇಕು ಎಂದು. ಅದು ಭಿಕ್ಷೆಯಲ್ಲ. ನಮ್ಮ ದಾರಿ ಕಿತ್ತುಕೊಂಡದ್ದಕ್ಕೆ ಕೊಟ್ಟ ಬದಲಿ.

ಅದಕ್ಕೊಂದು ಕ್ರಮವೂ ಇದೆ. ಗಲ್ಲಿಯ ಕಡೆಯಿಂದ ಮೂರು ಸಲ ಬಡಿಯಬೇಕು. ಒಳಗಿನವರು "ಯಾರು ಹೋಗ್ತಿರೋದು?" ಎಂದು ಕೇಳುತ್ತಾರೆ. ಹೊರಗಿನವರು ಹೆಸರು ಹೇಳಿ, ಬದುಕಿದ್ದಾಗ ಮಾಡುತ್ತಿದ್ದ ಕೆಲಸ ಹೇಳುತ್ತಾರೆ. ಒಳಗಿನವರು ಅಗುಳಿ ಸರಿಸಿ, "ದಾರಿ ನಿನ್ನದೇ, ಹೋಗು" ಎನ್ನುತ್ತಾರೆ. ನನ್ನ ಮದುವೆಯ ದಿನ, ನಾನು ಗಲ್ಲಿ ಬಿಟ್ಟು ಊರಿನ ಇನ್ನೊಂದು ಕಡೆಯ ಫ್ಲಾಟಿಗೆ ಹೊರಟಾಗ, ಹಾಗೆ ಹೇಳಿದವಳು ಆ ಮನೆಯ ಕೊನೆಯ ಒಡತಿ, ಮಾರ್ಕೆಸಾ. ಗರ್ವದ ಹೆಂಗಸು, ನಮ್ಮನ್ನು ಕಂಡರೆ ಮೂಗು ಮುರಿಯುತ್ತಿದ್ದಳು, ಆದರೆ ಬಾಗಿಲು ತೆರೆಯುವುದಕ್ಕೆ ಆಳನ್ನು ಕಳಿಸಿದವಳಲ್ಲ. ತಾನೇ ಬರುತ್ತಿದ್ದಳು.

ಅವಳು ಸತ್ತಳು, ಮಕ್ಕಳು ಮಾರಿದರು. ಈಗ ಮನೆಯ ಹೆಸರು 'ಕಿತ್ತಳೆ ಹೂವಿನ ಅರಮನೆ'. ಅಂಗಳದಲ್ಲಿ ಇರುವುದು ಒಂದು ನಿಂಬೆ ಗಿಡ. ಬೋರ್ಹಾ ಹೋದ ವರ್ಷ ಒಂದು ದೊಡ್ಡ ಮರದ ತೊಟ್ಟಿ ತರಿಸಿದ, ಬಿಸಿನೀರು ಗುಳುಗುಳು ಎನ್ನುವಂಥದ್ದು. ಇಡೀ ಅಂಗಳದಲ್ಲಿ ಅವನಿಗೆ ಅದನ್ನು ಇಡುವುದಕ್ಕೆ ಸಿಕ್ಕ ಜಾಗ ಕಿರುಬಾಗಿಲಿನ ಮುಂದೆಯೇ. ನಾನು ಆಗಲೇ ಹೇಳಿದ್ದೆ. ನಕ್ಕು, "ಈಗೆಲ್ಲ ಯಾರು ಮನೇಲಿ ಸಾಯ್ತಾರೆ ರೆಮೆ?" ಎಂದಿದ್ದ.

ನನ್ನ ದೊಡ್ಡಮ್ಮ ಸತ್ತಳು. ಊರ ಹೊರಗಿನ ಶವಾಗಾರದ ತಂಪು ಕೋಣೆಗೆ ತನ್ನನ್ನು ಒಯ್ಯಬಾರದು, ತನ್ನ ಮಂಚದಿಂದ ಹೆಬ್ಬಾಗಿಲಿಗೆ, ಹೆಬ್ಬಾಗಿಲಿನಿಂದ ಚರ್ಚಿಗೆ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದವಳು. ನಲವತ್ತು ವರ್ಷ ಆ ಮನೆಯ ಬಟ್ಟೆ ಒಗೆದವಳು. ಬಟ್ಟೆ ಬುಟ್ಟಿ ಹೊತ್ತು ದಿನಾ ಹಿಂದಿನ ಕಮಾನು ಸುತ್ತಿ ಹೋಗಿ ಬರುತ್ತಿದ್ದಳು. ಬದುಕಿರುವವರಿಗೆ ಕಿರುಬಾಗಿಲು ಇಲ್ಲವಲ್ಲ. ಮದುವೆಯಾಗಲಿಲ್ಲ, ಹಾಗಾಗಿ ಮದುವಣಗಿತ್ತಿಯಾಗಿಯೂ ಅದನ್ನು ದಾಟಲಿಲ್ಲ. ಅವಳ ಪಾಲಿಗೆ ಇದ್ದದ್ದು ಇದೊಂದೇ ಸಲ.

"ಸೋಮವಾರದ ತನಕ ಆಗಲ್ಲ," ಎಂದೆ ನಾನು ಫೋನಿನಲ್ಲಿ. "ನಾಳೆ ಹನ್ನೊಂದಕ್ಕೆ ಐದು ನಿಮಿಷ ಸಾಕು. ತೊಟ್ಟಿ ಸರಿಸಿ ಬಾಗಿಲು ತೆಗೀತೀನಿ, ಆಮೇಲೆ ನೆಲ ಒರೆಸಿ ಕೊಡ್ತೀನಿ."

"ನೆಲದ ಪ್ರಶ್ನೆ ಅಲ್ಲ ರೆಮೆ. ಅಲ್ಲಿರೋರು ಹುಟ್ಟುಹಬ್ಬ ಮಾಡೋಕೆ ಬಂದಿದಾರೆ. ಅವರ ಮುಂದೆ ಹೆಣ ತಗೊಂಡು ಹೋಗೋಕಾಗುತ್ತಾ? ಇನ್ಶೂರೆನ್ಸ್ ಬೇರೆ ಇದೆ. ನೀನೇ ಯೋಚನೆ ಮಾಡು. ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ."

ಅರ್ಥ ಆಗುತ್ತಂತೆ! ಫೋನು ಇಟ್ಟುಬಿಟ್ಟೆ.

ಮಧ್ಯಾಹ್ನ ಪೆಟ್ಟಿಗೆ ಬಂತು. ಖಾಲಿ ಪೆಟ್ಟಿಗೆಯನ್ನು ಇಬ್ಬರು ಆಳುಗಳು ತಿರುವಿನಲ್ಲಿ ನೆಟ್ಟಗೆ ನಿಲ್ಲಿಸಿ, ಗೋಡೆಗೆ ಉಜ್ಜಿ, ಹೇಗೋ ತಿರುಗಿಸಿ ತಂದರು. ದೊಡ್ಡಮ್ಮನನ್ನು ಅದರಲ್ಲಿ ಮಲಗಿಸಿದ ಮೇಲೆ ಅವರ ಮೇಸ್ತ್ರಿ ಬೆವರು ಒರೆಸಿಕೊಂಡು, "ನಾಳೆ ವಾಪಸ್ ಹೋಗೋದೂ ಇದೇ ದಾರೀಲಿ ಅಲ್ವಾ? ಎದೆಗೊಂದು ಸೊಂಟಕ್ಕೊಂದು ಪಟ್ಟಿ ಬಿಗೀತೀವಿ. ನೆಟ್ಟಗೆ ನಿಲ್ಲಿಸಿ ತಿರುಗಿಸಿದ್ರೆ ಆಯ್ತು. ಒಳಗೆ ಏನೂ ಅಲ್ಲಾಡಲ್ಲ," ಎಂದ.

ನನ್ನ ಅಮ್ಮ ಅರಾಸೆಲಿ, ಎಂಬತ್ತಾರು ವರ್ಷದವಳು, ಅಕ್ಕನ ತಲೆಯ ಹತ್ತಿರ ಕುಳಿತಿದ್ದಳು. ತಲೆ ಎತ್ತಿ ಅವನನ್ನು ನೋಡಿದಳು.

"ನಮ್ಮಕ್ಕ ಬೀರು ಅಲ್ಲ ಕಣಪ್ಪ," ಎಂದಳು.

ಎದುರು ಮನೆಯ ಸೊಯಿಲೊ ಅಲ್ಲೇ ಇದ್ದ. ಗಾರೆ ಕೆಲಸ ಮಾಡಿ ಈಗ ಮನೆಯಲ್ಲಿರುವವನು, ಅಂಗೈ ಇನ್ನೂ ಹಲಗೆಯಷ್ಟು ಗಟ್ಟಿ. "ಮಾತೇ ಬೇಡ ಅರಾಸೆಲಿ. ಆ ಬಾಗಿಲಿಗೆ ನನ್ನ ಸುತ್ತಿಗೇಲಿ ನಾಲ್ಕು ಏಟು ಸಾಕು. ತೊಟ್ಟಿ ಗೀಟಿ ಎಲ್ಲ ನಿಂಬೆ ಗಿಡದ ಬುಡಕ್ಕೆ ಹೋಗಿ ಬೀಳುತ್ತೆ. ಹುಟ್ಟುಹಬ್ಬ ಅಂತೆ! ಮೇಣದ ಬತ್ತಿ ನಾವೇ ತಗೊಂಡು ಹೋಗೋಣ."

"ಏಯ್, ಸುಮ್ನಿರು. ಒಡೆದ ಬಾಗಿಲಲ್ಲಿ ಕಳ್ಳರು ಹೋಗ್ತಾರೆ. ಒಳಗಿನವರು ತೆಗೀಬೇಕು, ಒಳಗಿನವರು ಹೇಳ್ಬೇಕು. ಇಲ್ಲ ಅಂದ್ರೆ ಅದು ದಾರಿ ಹೆಂಗಾಗುತ್ತೆ?"

"ಒಳಗಿನವರು ಅಂದ್ರೆ ಯಾರಮ್ಮ ಈಗ?" ಎಂದೆ. "ಬೋರ್ಹಾ ಸೆವಿಯಾದಲ್ಲಿದಾನೆ. ಯಜಮಾನರು ಯಾರು ಅಂತ ನಂಗೇ ಗೊತ್ತಿಲ್ಲ, ಯಾವುದೋ ಕಂಪನಿ."

"ಇವತ್ತು ರಾತ್ರಿ ಅಲ್ಲಿ ಮಲಗೋರು ಯಾರು?"

"ಬಾಡಿಗೆಯವರು. ಉತ್ತರದ ವಯ್ಯಾದೋಲಿದ್ ಕಡೆಯವರು."

"ಮಲಗಿ ಎದ್ದವರೇ ಮನೆಯವರು. ಮಾರ್ಕೆಸಾ ಊರಲ್ಲಿಲ್ಲದಾಗ ಒಂದು ಸಲ ಅಡುಗೆಯವಳೇ ತೆಗೆದಿದ್ದಳು. ಬೆಳಿಗ್ಗೆ ಹೋಗಿ ಅವರನ್ನ ಕೇಳು. ಮರ್ಯಾದೆಯಿಂದ ಕೇಳು. ನಿನ್ನ ಬಾಯಿ ನಂಗೆ ಗೊತ್ತು."

ಶನಿವಾರ ಒಂಬತ್ತಕ್ಕೆ ಹೋದೆ. ಅಂಗಳದಲ್ಲಿ ಬಣ್ಣದ ಕಾಗದದ ಮಾಲೆ ಕಟ್ಟಿದ್ದರು. ಮೇಜಿನ ಮೇಲೆ ಸುಟ್ಟ ಬ್ರೆಡ್ಡು, ಟೊಮೆಟೊ, ಎಣ್ಣೆ, ಕಾಫಿ. ಬೆಗೋನ್ಯಾ ಎಂಬ ನಲವತ್ತೈದರ ಹೆಂಗಸು, ಅವಳ ಗಂಡ, ಮತ್ತು ಅವಳ ತಂದೆ ಎಲಾದಿಯೋ, ಗೌರವಕ್ಕೆ ದೋನ್ ಎಲಾದಿಯೋ. ಹುಟ್ಟುಹಬ್ಬ ಆ ಮುದುಕರದ್ದೇ, ಎಂಬತ್ತು ತುಂಬಿತ್ತು. ಮಗಳು ವಯ್ಯಾದೋಲಿದ್ ಪಟ್ಟಣದವಳಾದರೂ ಅವರು ಸಮೋರಾ ಕಡೆಯ ಹಳ್ಳಿಯವರು, ಅಷ್ಟು ಸೆಕೆಯಲ್ಲೂ ತಲೆಯ ಮೇಲೆ ಕರಿ ಟೋಪಿ.

ನಾನು ಮರ್ಯಾದೆಯಿಂದಲೇ ಕೇಳಿದೆ. ಗಲ್ಲಿ, ತಿರುವು, ಬಾಗಿಲು, ಎಲ್ಲ ಹೇಳಿದೆ. ಬೆಗೋನ್ಯಾ ಕಾಫಿ ಲೋಟ ಕೆಳಗಿಟ್ಟಳು.

"ಇವತ್ತಾ? ಇವತ್ತು ನಮ್ಮಪ್ಪನ ಹುಟ್ಟುಹಬ್ಬ ಅಂತ ನಿಮಗೆ ಗೊತ್ತಲ್ವಾ? ಆರು ತಿಂಗಳ ಮುಂಚೆ ಹಿಡಿದಿಟ್ಟ ಮನೆ ಇದು. ದಯವಿಟ್ಟು ತಪ್ಪು ತಿಳ್ಕೋಬೇಡಿ, ಪಾಪ ಅನ್ನಿಸುತ್ತೆ, ಆದರೆ ಇಂಥದ್ದು ಇದೆ ಅಂತ ಎಲ್ಲೂ ಬರೆದಿರಲಿಲ್ಲ."

ಹೌದು, ಬರೆದಿರಲಿಲ್ಲ. ಟವಲು ಎಷ್ಟು, ವೈಫೈ ಎಷ್ಟು ಎಂದು ಬರೆಯುತ್ತಾರೆ. ನಮ್ಮನ್ನು ಬರೆಯುವುದಿಲ್ಲ.

ಅವಳು ಬೋರ್ಹಾನಿಗೆ ಫೋನು ಮಾಡಿದಳು. ಎರಡು ನಿಮಿಷದಲ್ಲಿ ನನ್ನ ಫೋನು ಬಡಿದುಕೊಂಡಿತು. ಈ ಸಲ ಬೆಣ್ಣೆಯೂ ಇಲ್ಲ, ಕೂದಲೂ ಇಲ್ಲ.

"ಅತಿಥಿಗಳ ತಲೆ ತಿನ್ನೋಕೆ ಹೋಗಿದೀಯಾ? ಕೀಲಿ ಮೇಜಿನ ಮೇಲಿಟ್ಟು ಹೊರಡು. ಇನ್ನು ಬರೋದು ಬೇಡ."

"ನಿನ್ನ ಕೀಲಿ ನೀನೇ ಇಟ್ಕೋ," ಎಂದು ಅದನ್ನು ಎಣ್ಣೆ ಬಟ್ಟಲಿನ ಪಕ್ಕ ಇಟ್ಟೆ. ಐದು ವರ್ಷ ಅತಿಥಿಗಳ ಕೂದಲು, ಅವರ ವೈನಿನ ಕಲೆ, ಅವರ ಮಕ್ಕಳ ವಾಂತಿ ಬಳಿದವಳು. ಒಂದು ವಾಕ್ಯಕ್ಕೆ ಮುಗಿದುಹೋಯಿತು.

ಹೆಬ್ಬಾಗಿಲ ಹತ್ತಿರ ದೋನ್ ಎಲಾದಿಯೋ ಹಿಂದೆಯೇ ಬಂದರು.

"ಬಾಗಿಲು ತೆಗೆಯೋರು ಏನಾದ್ರೂ ಹೇಳ್ಬೇಕೇನಮ್ಮ?"

ಹೇಳಿಕೊಟ್ಟೆ.

"ಅವರು ಏನು ಕೆಲಸ ಮಾಡ್ತಿದ್ರು?"

"ಬಟ್ಟೆ ಒಗೀತಿದ್ದಳು. ಈ ಮನೇದೇ."

"ನೋಡೋಣ," ಎಂದು ಟೋಪಿ ಸರಿಮಾಡಿಕೊಂಡು ಒಳಗೆ ಹೋದರು. ಅಷ್ಟೇ. ನನಗೆ ನಂಬಿಕೆಯೇನೂ ಬರಲಿಲ್ಲ. ನೋಡೋಣ ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಪೆಟ್ಟಿಗೆಯನ್ನು ಹೊತ್ತು ಕಿರುಬಾಗಿಲಿನ ಮುಂದೆ ನಿಂತೆವು. ನಾಲ್ವರು ಹೊತ್ತಿದ್ದರು, ಅದರಲ್ಲಿ ಸೊಯಿಲೊ ಒಬ್ಬ. ಪೆಟ್ಟಿಗೆಯ ಮೇಸ್ತ್ರಿ ಪಟ್ಟಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ, ಬಾಗಿಲು ತೆರೆಯುವುದಿಲ್ಲವೆಂದು ಅವನಿಗೆ ಖಾತ್ರಿ. ಅಮ್ಮ ಮುಷ್ಟಿಯಿಂದ ಮೂರು ಸಲ ಬಡಿದಳು.

ಏನೂ ಇಲ್ಲ.

ಬಿಸಿಲು ಗೋಡೆಯಿಂದ ಇಳಿದು ನಮ್ಮ ಕಾಲ ಹತ್ತಿರ ಬಂದಿತ್ತು. ಒಳಗೆ ಯಾರೋ ಗಟ್ಟಿಯಾಗಿ ಮಾತನಾಡುವುದು ಕೇಳಿಸಿತು. "ಅಪ್ಪಾ, ಬೇಡ ಅಂದ್ರೆ ಬೇಡ," ಎಂದು ಹೆಣ್ಣು ಧ್ವನಿ. ಅಮ್ಮ ಮತ್ತೆ ಬಡಿಯಲಿಲ್ಲ. ಮೂರು ಅಂದರೆ ಮೂರೇ. ನಾನು ಮನಸ್ಸಿನಲ್ಲೇ ಸೊಯಿಲೊನ ಸುತ್ತಿಗೆ ಎಲ್ಲಿದೆಯೆಂದು ಲೆಕ್ಕ ಹಾಕುತ್ತಿದ್ದೆ.

ಆಗ ನೀರು ಬಂತು. ಬಾಗಿಲ ಕೆಳಗಿನ ಸಂದಿಯಿಂದ ನೊರೆನೊರೆ ನೀರು ಹರಿದು ನಮ್ಮ ಚಪ್ಪಲಿ ನೆನೆಯಿತು. ತೊಟ್ಟಿ ಖಾಲಿಯಾಗುತ್ತಿತ್ತು. ಆಮೇಲೆ ಮರ ಹಾಸುಗಲ್ಲಿನ ಮೇಲೆ ಕಿರ್ರೆಂದು ಎಳೆದ ಸದ್ದು. ಆಮೇಲೆ ಮುದಿ ಧ್ವನಿ, ಏದುಸಿರು ಬಿಡುತ್ತಾ, "ಯಾರು ಹೋಗ್ತಿರೋದು?"

"ಆಂಗುಸ್ತಿಯಾಸ್," ಎಂದಳು ಅಮ್ಮ. "ಬಟ್ಟೆ ಒಗೆಯೋಳು."

ಅಗುಳಿ ಸರಿಯಿತು. ದೋನ್ ಎಲಾದಿಯೋ ಮೊಣಕಾಲ ತನಕ ಒದ್ದೆಯಾಗಿ ನಿಂತಿದ್ದರು, ಟೋಪಿ ಕೈಯಲ್ಲಿ. ಅಳಿಯ ಇನ್ನೂ ತೊಟ್ಟಿಯ ಅಂಚು ಹಿಡಿದುಕೊಂಡಿದ್ದ.

"ದಾರಿ ನಿಮ್ಮದೇ ತಾಯಿ," ಎಂದರು ಮುದುಕರು. "ಹೋಗಿಬನ್ನಿ."

ಮಾರ್ಕೆಸಾ ಯಾರಿಗೂ ಬಹುವಚನ ಕೊಟ್ಟವಳಲ್ಲ. ನನಗೆ ಅಲ್ಲಿಯವರೆಗೂ ಅಳು ಬಂದಿರಲಿಲ್ಲ, ಆಗ ಬಂತು. ಕಾಗದದ ಮಾಲೆಯ ಕೆಳಗೆ, ಒದ್ದೆ ನೆಲದ ಮೇಲೆ, ಕಾಫಿ ಮೇಜಿನ ಪಕ್ಕದಲ್ಲಿ ನನ್ನ ದೊಡ್ಡಮ್ಮ ಮಲಗಿಕೊಂಡೇ ಹಾದುಹೋದಳು. ಬೆಗೋನ್ಯಾ ಗೋಡೆಗೆ ಒರಗಿ ಮುಖ ಆಚೆ ತಿರುಗಿಸಿದ್ದಳು. ಅವಳ ಗಂಡ ಓಡಿಹೋಗಿ ಹೆಬ್ಬಾಗಿಲಿನ ಎರಡೂ ಕದ ತೆರೆದ. ಬೋರ್ಹಾ ಹಾಕಿಸಿದ ಬೀಗ ಇರುವುದು ಹೊರಗಿನಿಂದ ಬರುವವರಿಗೆ, ಒಳಗಿನಿಂದ ಹೋಗುವವರಿಗೆ ಅವನ ಅಪ್ಪಣೆ ಬೇಕಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಹೊತ್ತು ಇಷ್ಟು ಸಿಟ್ಟಿನಲ್ಲಿ ಕೂತಿರುತ್ತಿರಲಿಲ್ಲ.

ಬೆಗೋನ್ಯಾ ಮನೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ತನ್ನ ಅಭಿಪ್ರಾಯ ಬರೆದಳು. "ಮನೆ ಸುಂದರ, ಹಾಸಿಗೆ ಚೆನ್ನಾಗಿದೆ. ಶನಿವಾರ ತಿಂಡಿಯ ಹೊತ್ತಿಗೆ ಅಂಗಳದಲ್ಲಿ ಶವ ಹಾದುಹೋಯಿತು, ಮೊದಲೇ ತಿಳಿಸಿರಲಿಲ್ಲ," ಎಂದು. ಐದಕ್ಕೆ ಎರಡು ನಕ್ಷತ್ರ. ಬೋರ್ಹಾ ಕೋರ್ಟು ಕಚೇರಿ ಎಂದು ಹಾರಾಡುತ್ತಾನೆಂದು ಕಾದೆವು. ಹಾರಾಡಲಿಲ್ಲ. ಅದನ್ನು ಓದಿದವರು ಹೌದಾ, ನಿಜವಾ, ನಾವು ಹೋದರೆ ನಮಗೂ ಕಾಣಿಸುತ್ತದಾ ಎಂದು ಕೇಳತೊಡಗಿದ್ದರು. ಅವನಿಗೆ ದುಡ್ಡಿನ ವಾಸನೆ ಹತ್ತಿತು.

ಆಗಸ್ಟಿನಲ್ಲಿ ತೊಟ್ಟಿ ಮೂಲೆಗೆ ಹೋಯಿತು. ಕಿರುಬಾಗಿಲಿಗೆ ನೀಲಿ ಬಣ್ಣ ಬಂತು, ಪಕ್ಕದಲ್ಲೊಂದು ದೀಪ, ಮೇಲೆ 'ಆತ್ಮಗಳ ಬಾಗಿಲು' ಎಂಬ ಫಲಕ. ನಾವು ಯಾರೂ ಅದನ್ನು ಯಾವತ್ತೂ ಹಾಗೆ ಕರೆದವರಲ್ಲ. ಬಾಡಿಗೆಗೆ ಬಂದವರು ಒಳಗಿನಿಂದ ಅಗುಳಿ ಸರಿಸಿ ಗಲ್ಲಿಗೆ ಇಣುಕುವುದು ಶುರುವಾಯಿತು. ಅಮ್ಮ ತನ್ನ ಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ನಾರು ಬಿಡಿಸುತ್ತಿದ್ದರೆ ಫೋನು ಹಿಡಿದು ಕ್ಲಿಕ್ಕಿಸುವುದು. ಒಬ್ಬಳು ಹುಡುಗಿ, ಬಾಯಲ್ಲಿ ಐಸ್‌ಕ್ರೀಮು, ಕೇಳಿಯೇ ಬಿಟ್ಟಳು.

"ಅಜ್ಜಿ, ಮುಂದಿನದು ಯಾವಾಗ? ಈ ವಾರ ಯಾರಾದ್ರೂ ಇದಾರಾ?"

ನಾನು ಎದ್ದೆ. ಅಮ್ಮ ನನ್ನ ಏಪ್ರನ್ನು ಹಿಡಿದು ಕೂರಿಸಿದಳು.

ಸೆಪ್ಟೆಂಬರಿನಲ್ಲಿ ಬೋರ್ಹಾ ತಾನೇ ಬಂದ. ಕಮಾನಿನ ತಿರುವಿನಲ್ಲಿ ಅವನ ಹೊಸ ಅಂಗಿಗೆ ಸುಣ್ಣ ಮೆತ್ತಿತ್ತು. ಕೈಯಲ್ಲಿ ಕನ್ಯಾಮಠದ ಸಿಸ್ಟರುಗಳು ಮಾಡುವ ಮಿಠಾಯಿಯ ಪೊಟ್ಟಣ. ನನ್ನ ಕಡೆ ನೋಡಿ, ಏನೂ ಆಗಿಯೇ ಇಲ್ಲವೆನ್ನುವ ಹಾಗೆ, "ಹೇಗಿದೀಯಾ ರೆಮೆ?" ಎಂದ. ಅಮ್ಮನ ಎದುರು ಕುಳಿತು ಬಾಯಿ ತುಂಬ ಮಾತನಾಡಿದ.

"ಇಂಥ ಪರಂಪರೆ ಸಾಯಬಾರದು ದೋನ್ಯಾ ಅರಾಸೆಲಿ. ನಾನೊಂದು ಯೋಚನೆ ಮಾಡಿದೀನಿ. ತಿಂಗಳ ಮೊದಲನೇ ಶನಿವಾರ, ಹನ್ನೊಂದಕ್ಕೆ. ನೀವು ಮೂರು ಸಲ ಬಡೀತೀರಿ, ಅತಿಥಿಗಳೇ ಬಾಗಿಲು ತೆಗೀತಾರೆ, ಆ ಮಾತು ಹೇಳ್ತಾರೆ. ಪೆಟ್ಟಿಗೆ ಹೋಗುತ್ತೆ. ನಿಮಗೆಲ್ಲ ಕೈತುಂಬ ಕೊಡ್ತೀನಿ."

"ತಿಂಗಳಿಗೊಬ್ಬರು ಸಾಯಬೇಕಲ್ಲಪ್ಪ," ಎಂದಳು ಅಮ್ಮ. "ಗಲ್ಲೀಲಿ ಉಳಿದಿರೋದೇ ಒಂಬತ್ತು ಜನ."

"ಅಯ್ಯೋ, ಇಲ್ಲ ಇಲ್ಲ," ಎಂದು ನಕ್ಕ. "ಖಾಲಿ ಪೆಟ್ಟಿಗೆ ಸಾಕು. ನೀವು ಕಪ್ಪು ಬಟ್ಟೆ ಹಾಕ್ಕೊಂಡು ಹಿಂದೆ ನಡೆದ್ರೆ ಆಯ್ತು. ಸ್ವಲ್ಪ ಅತ್ತರೆ ಇನ್ನೂ ಚೆನ್ನ."

ನಾನು ಅವನಿಗೆ ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗಲ್ಲಿಯ ಕಿಟಕಿಗಳೆಲ್ಲ ತೆರೆದುಕೊಂಡವು ಎಂದರೆ ಸಾಕು. ಅವನಂತೂ ಎದ್ದು ನಿಂತು, "ಯೋಚನೆ ಮಾಡಿ, ಅವಸರ ಇಲ್ಲ," ಎನ್ನುತ್ತಲೇ ಹಿಂದೆ ಹಿಂದೆ ನಡೆದ. ಅವನಿಗೆ ತಾನು ಮಾಡಿದ ತಪ್ಪು ಏನೆಂದು ನಿಜಕ್ಕೂ ಹೊಳೆದಿರಲಿಲ್ಲ, ಮಿಠಾಯಿ ಬೇರೆ ತಂದಿದ್ದನಲ್ಲ! ಅದೇ ನನಗೆ ಇಂದಿಗೂ ಹೊಟ್ಟೆ ಉರಿಸುವ ವಿಷಯ. ಬೇಡ ಎಂದು ಬಾಗಿಲು ಮುಚ್ಚಿದ್ದಾಗ ಅವನು ಬೈದರೂ ಮನುಷ್ಯರನ್ನು ಬೈದ ಹಾಗೆ ಬೈದಿದ್ದ. ಬಾ ಎಂದು ತೆರೆದಾಗ ನಾವು ಅವನಿಗೆ ಬರೀ ಬೊಂಬೆಗಳು.

ಅವನು ಹೋದ ಮೇಲೆ ಅಮ್ಮ ಮಿಠಾಯಿ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಎದುರು ಮನೆಗೆ ಕೂಗಿದಳು.

"ಸೊಯಿಲೊ, ಆ ಬಾಗಿಲಿಗೆ ಎಷ್ಟು ಇಟ್ಟಿಗೆ ಹಿಡಿಯುತ್ತೆ?"

ಸೊಯಿಲೊ ಬಂದು ನಿಂತು ಅವಳ ಮುಖವನ್ನೇ ನೋಡಿದ. "ಇನ್ನೂರು ಬೇಕಾಗುತ್ತೆ. ಯಾಕೆ?"

"ನಮ್ಮ ಕಡೆಯಿಂದ ಮುಚ್ಚು."

"ಅರಾಸೆಲಿ, ಅದು ನಮ್ಮ ದಾರಿ. ಅವನದಲ್ಲ. ಮಾರ್ಕೆಸ್ ಕೊಟ್ಟದ್ದು—"

"ದಾರಿಯಾಗಿತ್ತು. ಈಗ ಆಟ ಆಯ್ತು. ಆ ಮುದುಕ ನಮ್ಮಕ್ಕನನ್ನ ತಾಯಿ ಅಂತ ಕರೆದು ಕಳಿಸಿದ. ಅದೇ ಕೊನೇದಾಗ್ಲಿ. ನಾನು ಹೋಗುವಾಗ ಐಸ್‌ಕ್ರೀಮು ನೆಕ್ಕಿಕೊಂಡು ಯಾರೂ ನಂಗೆ ದಾರಿ ಕೊಡೋದು ಬೇಡ."

ಗಲ್ಲಿಯ ಒಂಬತ್ತು ಜನ, ಜೊತೆಗೆ ನಾನು, ಸೇರಿ ಮಾತಾಡಿದೆವು. ಕೆಲವರು ಅತ್ತರು, ಸೊಯಿಲೊನ ಹೆಂಡತಿ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಳು. ಕೊನೆಗೆ ಒಂದು ಮಂಗಳವಾರ ಬೆಳಿಗ್ಗೆ ಇಟ್ಟಿಗೆ ಒಂದೊಂದಾಗಿ ಕಮಾನಿನ ತಿರುವು ದಾಟಿ ಬಂತು. ಸೊಯಿಲೊ ಕಟ್ಟಿದ, ನಾನು ಗಾರೆ ಕಲಸಿ ಕೊಟ್ಟೆ. ಒಳಗಿನಿಂದ ಯಾರೋ ಅಗುಳಿ ಸರಿಸಿ ಬಾಗಿಲು ತೆರೆದರು, ಎದುರಿಗೆ ಎದೆಯ ಮಟ್ಟಕ್ಕೆ ಗೋಡೆ. "ಹಲೋ," ಎಂದರು. ಸೊಯಿಲೊ ಅವರ ಮುಖದ ಮುಂದೆಯೇ ಮುಂದಿನ ಸಾಲು ಇಟ್ಟ. ನಾನೂರು ವರ್ಷ ಮಾರ್ಕೆಸರಿಗೂ ಬಿಟ್ಟುಕೊಡದೆ ಉಳಿಸಿಕೊಂಡದ್ದನ್ನು ನಾವೇ ಒಂದು ಬೆಳಿಗ್ಗೆಯಲ್ಲಿ ಮುಚ್ಚಿದೆವು.

ಸಂಜೆ ನಾನು ತಡೆಯಲಾರದೆ ಕೇಳಿದೆ. "ಈಗ ನೀನು ಹೇಗಮ್ಮ ಹೋಗೋದು? ಆ ತಿರುವಿನಲ್ಲಿ ನಿನ್ನನ್ನ..."

"ನಡ್ಕೊಂಡು ಹೋಗ್ತೀನಿ."

"ಏನು?"

"ನಿನ್ನ ಮನೇಲಿ ಲಿಫ್ಟ್ ಇದೆ ಅಂತೀಯಲ್ಲ, ಮಂಚ ಹಿಡಿಯುವಂಥದ್ದು. ಹತ್ತು ವರ್ಷದಿಂದ ಬಾ ಬಾ ಅಂತಿದ್ದೀಯ. ಬರ್ತೀನಿ. ಈಗಲೇ ಬರ್ತೀನಿ, ಕಾಲಲ್ಲಿ ಬಲ ಇರುವಾಗ. ಸತ್ತ ಮೇಲೆ ಯಾರ ಬಾಗಿಲೂ ಬಡಿಯೋದು ಬೇಡ."

ಭಾನುವಾರ ಹೊರಟಳು. ಹುಟ್ಟಿದ್ದು ಆ ಗಲ್ಲಿಯಲ್ಲಿ, ಎಂಬತ್ತಾರು ವರ್ಷ ಮಲಗಿದ್ದು ಆ ಗಲ್ಲಿಯಲ್ಲಿ. ಒಂದು ಕೈಚೀಲ, ದೊಡ್ಡಮ್ಮನ ಫೋಟೋ, ಅಷ್ಟೇ. ಎಂಟು ಜನ ಬಾಗಿಲುಗಳಲ್ಲಿ ನಿಂತಿದ್ದರು. ಬದುಕಿ ಹೋಗುವವರಿಗೆ ಹೇಳುವ ಮಾತು ನಮ್ಮಲ್ಲಿ ಇಲ್ಲ. ಕಮಾನಿನ ಹತ್ತಿರ ನಾನು ತೋಳು ಹಿಡಿಯಲು ಹೋದೆ, ಕೊಡವಿಕೊಂಡಳು. ಅಲ್ಲಿ ಇಬ್ಬರು ಜೊತೆಯಾಗಿ ನಡೆಯಲಾಗುವುದಿಲ್ಲ. ಅವಳು ಮುಂದೆ ಹೋದಳು, ನಾನು ಹಿಂದೆ ಹೋದೆ.